ಕೂಸಿನ ಕೊರಳು

ಆಷಾಢದ ಕೊನೆಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಭದ್ರಾವತಿಯ ಠಾಣೆಗೆ ಓಡಿಬಂದ ಶಿವಯೋಗಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ನ್ಯೂ ಟೌನಿನವನು, ಕಾಲೇಜಿನಲ್ಲಿ ಪಾಠ ಹೇಳುವವನು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಬಂದಿದ್ದ.

"ಮೇಡಂ, ನಮ್ಮಮ್ಮನ ಇಷ್ಟಲಿಂಗ ಕಳುವಾಗಿದೆ. ಬೆಳ್ಳಿ ಕರಡಿಗೆ ಸಮೇತ."

ಇನ್ಸ್‌ಪೆಕ್ಟರ್ ತನುಜಾ ಪೆನ್ನು ತೆಗೆದಳು. "ಬೆಳ್ಳಿ ಎಷ್ಟು ತೂಕ?"

"ತೂಕ ಕಟ್ಕೊಂಡು ಏನ್ಮಾಡ್ತೀರಿ? ಅದು ಸಿಗೋ ತನಕ ತೊಟ್ಟು ನೀರೂ ಮುಟ್ಟಲ್ಲ ಅಂತ ಕೂತಿದ್ದಾರೆ. ಎಪ್ಪತ್ತು ದಾಟಿದೆ, ಶುಗರ್ ಬೇರೆ."

ಮೈಮೇಲಿನ ಲಿಂಗ ಹೋದರೆ ಪ್ರಾಣ ಹೋದ ಹಾಗೆ ಎಂದು ನಂಬಿದ ತಲೆಮಾರು ಅದು. ಬೇರೆ ಲಿಂಗ ಕಟ್ಟುತ್ತೇನೆ ಎಂದು ಮಠದ ಅಯ್ಯನವರೇ ಫೋನಿನಲ್ಲಿ ಹೇಳಿದರೂ ಮುದುಕಿ ಒಪ್ಪಿರಲಿಲ್ಲ. ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ಹಾಕಿ ತನುಜಾ ಜೀಪು ಹತ್ತಿದಳು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಭೈರಪ್ಪ.

ದಾಕ್ಷಾಯಣಮ್ಮ ದೇವರ ಕೋಣೆಯ ಗೋಡೆಗೆ ಒರಗಿದ್ದರು. ಬೆಳಿಗ್ಗೆ ಪೂಜೆ ಮುಗಿಯುವಾಗ ಕೊರಳಿನ ಶಿವದಾರ ಹರಿಯಿತು. ಲಿಂಗವಿದ್ದ ಕರಡಿಗೆಯನ್ನು ಮಣೆಯ ಮೇಲಿಟ್ಟು ಹೊಸ ದಾರ ಹುಡುಕಲು ಒಳಗೆ ಹೋದರು. ವಾಪಸು ಬಂದರೆ ಮಣೆ ಖಾಲಿ. ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಬಂಗಾರದ ಸರ ಇಟ್ಟಲ್ಲೇ ಇತ್ತು.

"ಇವನೆಂಥ ಕಳ್ಳ ಮೇಡಂ!" ಭೈರಪ್ಪ ಪಂಚನಾಮೆ ಬರೆಯುವುದನ್ನು ನಿಲ್ಲಿಸಿ ಹೇಳಿದ. "ತುಪ್ಪ ಬಿಟ್ಟು ಗಿಂಡಿ ಹೊತ್ಕೊಂಡು ಹೋಗಿದ್ದಾನೆ."

ಸೊಸೆ ರಶ್ಮಿ ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಿಟ್ಟಿನ ಡಬ್ಬಿಗೂ ಕೈಹಾಕಿ ನೋಡಿದಳು, ಹಾಸಿಗೆ ಕೊಡವಿದಳು, ನಡುನಡುವೆ ಬಂದು ಅತ್ತೆಯ ಕಾಲು ಒತ್ತಿದಳು. ತಾನೂ ಏನೂ ತಿಂದಿರಲಿಲ್ಲ. ಕೆಲಸದ ವಿಮಲಮ್ಮನ ಮೇಲೆ ಶಿವಯೋಗಿಗೆ ಅನುಮಾನ. ತನುಜಾ ಅದನ್ನೇ ನಂಬಿಬಿಟ್ಟಳು. ಸಂಜೆಯವರೆಗೆ ವಿಮಲಮ್ಮನನ್ನು ಠಾಣೆಯಲ್ಲಿ ಕೂರಿಸಿ ಕೇಳಿದ್ದೇ ಕೇಳಿದ್ದು.

"ಲಿಂಗ ಕದ್ದು ನಾನೆಲ್ಲಿಗೆ ಹೋಗ್ಲವ್ವಾ? ಉಣ್ಣೋ ಅನ್ನ ಮೈಗೆ ಹತ್ತುತ್ತಾ?" ಎಂದು ವಿಮಲಮ್ಮ ಅತ್ತಳು. ಒಂದು ದಿನ ಸುಮ್ಮನೆ ಹಾಳಾಯಿತು.

ಮಂಗಳವಾರ ಬೆಳಿಗ್ಗೆ ದಾಕ್ಷಾಯಣಮ್ಮನ ತುಟಿ ಬಿರಿದಿತ್ತು. ಡಾಕ್ಟರು ಬಂದು ಡ್ರಿಪ್ ಹಾಕಲು ಹೋದರೆ ಕೈ ಒದರಿದರು. ಹೀಗೇ ಬಿಟ್ಟರೆ ನಾಳೆ ದಾಟುವುದಿಲ್ಲ ಎಂದು ಡಾಕ್ಟರು ತನುಜಾಳನ್ನು ಹೊರಗೆ ಕರೆದು ಹೇಳಿದರು.

ಹನ್ನೊಂದು ಗಂಟೆಗೆ ರುದ್ರಭೂಮಿಯ ಕಾವಲುಗಾರ ಒಂದು ಸ್ಟೀಲ್ ಲೋಟ ಹಿಡಿದು ಠಾಣೆಗೆ ಬಂದ. "ಕೂಸಿನ ಗುಂಡಿ ಮೇಲಿತ್ತು ಸಾರ್. ಹಾಲು ಚೆಲ್ಲಿತ್ತು, ಮಣ್ಣು ಕೆದಕಿತ್ತು. ಮಾಟಗೀಟ ಏನಾದ್ರೂ ಇರ್ಬಹುದು ಅಂತ ತಂದೆ."

ಭೈರಪ್ಪ ಲೋಟ ತಿರುಗಿಸಿದ. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೆತ್ತಿಸಿಯೇ ತರುವುದು. ಅಂಚಿನ ಕೆಳಗೆ ಸ್ಪಷ್ಟವಾಗಿತ್ತು: ದಾಕ್ಷಾಯಣಮ್ಮ.

"ಯಾರ ಕೂಸು?" ತನುಜಾ ಕೇಳಿದಳು.

"ಕಾಲೇಜು ಮೇಷ್ಟ್ರದು. ಹೋದ ವರ್ಷ ಇದೇ ಹೊತ್ತಿಗೆ ಮಣ್ಣು ಮಾಡಿದ್ದು. ಗುಂಡಿ ತೋಡಿದ್ದು ನಾನೇ."

ರುದ್ರಭೂಮಿಯ ದಾರಿಯ ಹಾಲಿನ ಬೂತಿನಲ್ಲಿ ಸಿಸಿಟಿವಿ ಇತ್ತು. ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ: ಚಪ್ಪಲಿಯಿಲ್ಲದ ಹೆಂಗಸು, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಎದೆಗೆ ಒತ್ತಿಕೊಂಡಿದೆ. ರಶ್ಮಿ.

ಠಾಣೆಗೆ ಕರೆಸಿ ತೋರಿಸಿದರು. ರಶ್ಮಿ ಸ್ಕ್ರೀನಿನ ಹತ್ತಿರ ಮುಖ ತಂದು ನೋಡಿದಳು.

"ಇದು ನಾನೇ. ಯಾವತ್ತಿಂದು ಮೇಡಂ?"

"ನಿನ್ನೆದು."

"ನಿನ್ನೆ ನಾನು ಹೂವು ತರಕ್ಕೆ ಹೋಗಿದ್ದೆ."

"ಹೂವು ತಂದ್ರಾ?"

"ಇಲ್ಲ," ಎಂದಳು, ಹೆದರಿದಳು.

"ನಾಟಕ ಆಡ್ತಾಳೆ," ಎಂದು ಭೈರಪ್ಪ ಪಿಸುಗುಟ್ಟಿದ. ತನುಜಾಗೆ ಹಾಗನ್ನಿಸಲಿಲ್ಲ. ಇಪ್ಪತ್ತು ವರ್ಷ ಸುಳ್ಳು ಕೇಳಿದ ಕಿವಿ ಅದು. ಹೊರಗೆ ಬಂದು ಶಿವಮೊಗ್ಗದ ಮನೋವೈದ್ಯ ವಾದಿರಾಜರಿಗೆ ಫೋನ್ ಮಾಡಿದಳು. ಹಿಂದೊಂದು ಕೇಸಿನಲ್ಲಿ ಸಾಕ್ಷಿ ನುಡಿದಿದ್ದ ಹಿರಿಯರು.

"ಮಗು ಸತ್ತಾಗ ಅತ್ತಿದ್ರಾ ಆಕೆ?" ಎಲ್ಲ ಕೇಳಿಸಿಕೊಂಡ ಮೇಲೆ ಅವರು ಮೊದಲು ಕೇಳಿದ್ದು ಅದು.

"ಒಂದು ಹನಿ ಹಾಕ್ಲಿಲ್ಲ, ಗಟ್ಟಿ ಹೆಣ್ಣು ಅಂತ ಗಂಡನೇ ಹೇಳ್ದ."

"ಅಯ್ಯೋ, ಗಟ್ಟಿ ಎಲ್ಲಿಂದ ಬಂತು ತಾಯಿ! ಅಳಕ್ಕೆ ಬಿಡದ ದುಃಖ ಎಲ್ಲಿಗೆ ಹೋಗುತ್ತೆ? ಮನಸ್ಸಿನ ಅಡಿಗೆ ಹೋಗಿ ಕೂರುತ್ತೆ, ಅದೇ ದಿನ ತಿರುಗಿ ಬಂದಾಗ ಅವರಿಗೇ ಗೊತ್ತಾಗದ ಹಾಗೆ ಕೈಕಾಲಿಗೆ ಇಳಿಯುತ್ತೆ. ಹೆಸರಿರೋ ಲೋಟ ಅಲ್ಲೇ ಬಿಟ್ಟು ಬಂದಿದ್ದಾರಲ್ಲ, ಅದನ್ನ ಬರೀ ಮರೆವು ಅನ್ಕೋಬೇಡಿ. ಒಳಗಿರೋಳಿಗೆ ಯಾರಾದ್ರೂ ಕಂಡುಹಿಡೀಲಿ ಅಂತಿತ್ತು. ಕಳ್ಳತನದ ಮಾತು ಎತ್ತಬೇಡಿ. ಕನಸು ಏನು ಬೀಳುತ್ತೆ ಕೇಳಿ."

ತನುಜಾ ಒಳಗೆ ಹೋಗಿ ಎದುರಿನ ಕುರ್ಚಿ ಬಿಟ್ಟು ರಶ್ಮಿಯ ಪಕ್ಕ ಕೂತಳು.

"ನಿದ್ದೆ ಬರುತ್ತಾ ರಶ್ಮಿ? ಕನಸು?"

"ಒಂದೇ ಕನಸು. ಕೂಸು ಕತ್ತು ಎತ್ತಿ ತೋರಿಸುತ್ತೆ. ಕೊರಳಲ್ಲಿ ಏನೂ ಇರಲ್ಲ."

"ಏನಿರಬೇಕಿತ್ತು?"

ರಶ್ಮಿಯ ಕೈ ಎದೆಗೆ ಹೋಯಿತು. ಸಿಸಿಟಿವಿಯಲ್ಲಿದ್ದ ಹಾಗೆಯೇ.

"ಲಿಂಗ. ನಾನು ಕಟ್ಸೋಣ ಅಂದೆ. ಅತ್ತೆ, ಶ್ರಾವಣ ಸೋಮವಾರ ಸ್ವಾಮಿಗಳ ಕೈಯಿಂದ್ಲೇ ಆಗ್ಬೇಕು ಅಂದ್ರು. ಶ್ರಾವಣಕ್ಕೆ ವಾರ ಇತ್ತು, ಜ್ವರ ಬಂತು. ಮಣ್ಣು ಮಾಡುವಾಗ ಯಾರೋ ಕೇಳಿದ್ರಂತೆ, ಲಿಂಗ ಕಟ್ಟಿತ್ತಾ ಅಂತ. ಯಾರೂ ಮಾತಾಡ್ಲಿಲ್ವಂತೆ. ನನ್ನನ್ನ ಬಾಣಂತಿ ಅಂತ ಕರ್ಕೊಂಡು ಹೋಗ್ಲಿಲ್ಲ. ಬೇವಿನ ಮರದ ಬುಡ ಅಂತ ಇವರು ಹೇಳಿದ್ದಷ್ಟೇ ಗೊತ್ತು."

"ಅತ್ತೆ ಮೇಲೆ ಸಿಟ್ಟು ಬರ್ಲಿಲ್ವಾ?"

"ಅತ್ತೆ ನನ್ನ ತಾಯಿ ಥರ ಮೇಡಂ. ಸಿಟ್ಟು ಮಾಡ್ಕೊಳೋಕಾಗುತ್ತಾ?" ಎಂದವಳು ಎದೆಯಿಂದ ಕೈ ಇಳಿಸಿದಳು. ಉಗುರಿನೊಳಗಿನ ಕೆಂಪು ಮಣ್ಣನ್ನು ಆಗಲೇ ಮೊದಲ ಸಲ ನೋಡಿದಳು. "ಅಯ್ಯೋ ದೇವ್ರೇ, ನಾನೇನಾ? ನನ್ನಿಂದ್ಲೇ ಅವರು ಸಾಯ್ತಿದ್ದಾರಾ?"

ಮಧ್ಯಾಹ್ನ ಎರಡಕ್ಕೆ ಪಂಚರ ಎದುರು ಬೇವಿನ ಬುಡದ ಮೇಲ್ಮಣ್ಣು ಸರಿಸಿದರು. ನಾಲ್ಕು ಬೆರಳು ಆಳದಲ್ಲೇ ಕರಡಿಗೆ ಸಿಕ್ಕಿತು, ಮಗುವಿನ ಹಳೆಯ ಕುಲಾವಿಯಲ್ಲಿ ಸುತ್ತಿ, ಹರಿದ ಶಿವದಾರವನ್ನು ಗಂಟು ಹಾಕಿ. ಭೈರಪ್ಪ ಟೋಪಿ ತೆಗೆದು ಆ ಕಡೆ ತಿರುಗಿ ನಿಂತ. ಎಫ್‌ಐಆರ್ ಆದ ಕೇಸನ್ನು ಠಾಣೆಯಲ್ಲಿ ಮುಗಿಸುವ ಹಾಗಿಲ್ಲ. ಎರಡೂಮುಕ್ಕಾಲಿಗೆ ರಶ್ಮಿಯ ದಸ್ತಗಿರಿಯಾಯಿತು.

ಕೋರ್ಟಿಗೆ ಹೋಗುವ ದಾರಿಯಲ್ಲಿ ಜೀಪು ಮನೆಯ ಮುಂದೆ ನಿಂತಿತು. ತನುಜಾ ಒಳಗೆ ಹೋಗಿ ಕರಡಿಗೆಯನ್ನು ದಾಕ್ಷಾಯಣಮ್ಮನ ಎದುರು ಹಿಡಿದು, ಸಿಕ್ಕಿದ್ದೆಲ್ಲಿ ಎಂದು ಹೇಳಿದಳು. ಮುದುಕಿ ಕುಲಾವಿ ನೋಡಿದರು. ಹೊಲಿದದ್ದು ಅವರೇ.

"ಕೂಸಿನ ಹತ್ರ ಇತ್ತಾ?"

"ಹೌದಮ್ಮ."

"ಮತ್ಯಾಕೆ ಅಗೆದ್ರಿ?"

ಮುದುಕಿ ಕುಲಾವಿಯ ಮೇಲೆ ಕೈಯಾಡಿಸಿದರು.

"ಮುಹೂರ್ತ ಮುಹೂರ್ತ ಅಂತ ಕೂಸನ್ನ ಬರಿಗೊರಳಲ್ಲಿ ಕಳಿಸಿದೋಳು ನಾನು. ಅವಳು ಒಂದು ದಿನವೂ ನನಗೊಂದು ಮಾತು ಅನ್ನಲಿಲ್ಲ. ಅಂದಿದ್ರೆ ಇಬ್ರೂ ಅತ್ತು ಹಗುರ ಆಗ್ತಿದ್ವಿ. ಕೋರ್ಟು ಬಿಟ್ಟ ಮೇಲೆ ಅದನ್ನ ಅಲ್ಲೇ ಇಟ್ಟುಬನ್ನಿ. ನಾನು ಅಯ್ಯನೋರ ಕೈಲಿ ಬೇರೆ ಕಟ್ಟಿಸ್ಕೋತೀನಿ." ಒಣಗಿದ ತುಟಿ ಸವರಿಕೊಂಡರು. "ನೀರು ಕೊಡಿ. ರಶ್ಮಿ ಕೈಯಿಂದ ಕೊಡಿಸಿ."

ಹೆಸರಿದ್ದ ಲೋಟ ಜಪ್ತಿಯಾಗಿತ್ತು. ವಿಮಲಮ್ಮ ಒಂದು ಬಟ್ಟಲು, ಚಮಚ ತಂದಿಟ್ಟಳು. ಜೀಪಿನಿಂದ ಇಳಿದು ಬಂದ ರಶ್ಮಿ ಮೊದಲ ಚಮಚ ನೀರು ಅತ್ತೆಯ ಬಾಯಿಗೆ ಹಾಕಿದಳು, ಎರಡನೆಯದು ಹಾಕಲಾಗಲಿಲ್ಲ. ಅತ್ತೆಯ ಮಡಿಲಿಗೆ ಬಿದ್ದು, ವರ್ಷದಿಂದ ಅಳದಿದ್ದವಳು ಬೀದಿಗೆಲ್ಲ ಕೇಳುವಂತೆ ಅತ್ತಳು. ಕೋರ್ಟಿಗೆ ಹೊತ್ತಾಗುತ್ತದೆ ಎಂದು ಗೊತ್ತಿದ್ದೂ ತನುಜಾ ಬಾಗಿಲಲ್ಲಿ ಕಾದಳು.

ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಿತ್ತು. ಬೆಳ್ಳಿಯ ಆಸೆ ಎಂದು ಬರೆಯುವಂತಿರಲಿಲ್ಲ. ದ್ವೇಷ ಎಂದು ಬರೆದು ಹೊಡೆದುಹಾಕಿದಳು. ಕೊನೆಗೆ ಬರೆದದ್ದು ಒಂದೇ ಸಾಲು: ಆರೋಪಿಯ ಮಗುವಿನ ಕೊರಳು ಬರಿದಾಗಿತ್ತು.