ವೋಯಿನ್ ಬಳಸುತ್ತಿದ್ದ ಸಾಫ್ಟ್‌ವೇರ್

ನನ್ನ ಕಾದಂಬರಿ ಬೆಳೆದು ನೂರಾರು ಪುಟಗಳಾದ ಮೇಲೆ ಹಳೆಯ ಸಾಫ್ಟ್‌ವೇರ್ ಪದೇಪದೇ ನಿಂತುಹೋಗುತ್ತಿತ್ತು. ಸರ್ಬಿಯಾದ ನೋವಿ ಸಾದ್ ಊರಿನಲ್ಲಿ ನನ್ನ ಪಕ್ಕದ ಮನೆಯ ಝಾಗೋರ್ಕಾ ತನ್ನ ಗಂಡ ವೋಯಿನ್ ಬಳಸುತ್ತಿದ್ದ ಸಾಫ್ಟ್‌ವೇರ್ ತಂದುಕೊಟ್ಟಳು. ಅವನೂ ಕಾದಂಬರಿಕಾರ, ಬರೆಯುತ್ತಾ ಕೂತಲ್ಲೇ ಸತ್ತಿದ್ದ.

“ಹಾಕ್ಕೊಳ್ಳೇ ಯಾಸ್ನಾ. ಎಷ್ಟು ಪುಟ ತುಂಬಿದ್ರೂ ಇದಕ್ಕೆ ಉಸಿರು ಕಟ್ಟಲ್ಲ. ಕಟ್ಟಿದ್ದು ನನ್ನ ಗಂಡಂಗೇ,” ಎಂದು ನಕ್ಕಳು.

ಅಂದು ಮಧ್ಯಾಹ್ನವೇ ಹಾಕಿಕೊಂಡೆ. ಇಡೀ ಕಾದಂಬರಿ ಎಲ್ಲೂ ತಡೆಯದೆ ಓಡಿತು. ಆದರೆ ಕೀಬೋರ್ಡಿನ ಕೀಲಿಗಳು ಬಾಯೊಳಗಿನಂತೆ ಬೆಚ್ಚಗಿದ್ದವು. ಬೆರಳೆತ್ತಿದರೆ ಲೋಳೆಯ ಎಳೆಯೊಂದು ಅಂಟಿಕೊಂಡು ಬಂತು. ಒರೆಸಿದೆ, ಮತ್ತೆ ಬಂತು. ಹಳಸಿದ ಮೀನು ಸಾರಿನ ನಾತ. ಹತ್ತಿರದಲ್ಲೇ ಯಾರೋ ಬಾಯಿ ಮುಚ್ಚದೆ ಜಗಿಯುತ್ತಿದ್ದರು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದರೆ ಆ ಸದ್ದೂ ನಿಲ್ಲುತ್ತಿತ್ತು. ಕೀಲಿಗಳ ಸಂದಿಯಲ್ಲಿ ಕಂಡ ಬಿಳಿ ಕೂದಲೊಂದನ್ನು ಎಳೆದೆ. ಅದು ಬರುತ್ತಲೇ ಇತ್ತು. ಬುಡದಲ್ಲಿ ತೇವದ ಚರ್ಮದ ಚೂರಿತ್ತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಆ ಸಾಫ್ಟ್‌ವೇರನ್ನು ಅಳಿಸಿಬಿಟ್ಟೆ. ಹಳೆಯದರಲ್ಲೇ ಹೇಗೋ ಕಾದಂಬರಿ ಮುಗಿಸಿ ಪ್ರಕಾಶಕ ತಿಹೋಮಿರ್‌ಗೆ ಕಳಿಸಿದೆ. ಅವನು ಫೋನ್ ಮಾಡಿದ.

“ಅಮ್ಮಾ ತಾಯಿ, ಆ ಊಟದ ಅಧ್ಯಾಯ ಓದಿದ್ಮೇಲೆ ಗಂಟಲಲ್ಲಿ ತುತ್ತು ಇಳೀತಿಲ್ಲ! ಪುಸ್ತಕದಲ್ಲೆಲ್ಲಾ ಅದೇ ಚೆನ್ನಾಗಿರೋದು.”

“ನನ್ನ ಕಾದಂಬರೀಲಿ ಯಾರೂ ಊಟಾನೇ ಮಾಡಲ್ಲ ಕಣೋ. ತೆಗೆದುಹಾಕು ಅದನ್ನ!”

“ತಮಾಷೆ ಸಾಕು. ಅಚ್ಚಿಗೆ ಹೋಯ್ತು,” ಎಂದ.

ಪುಸ್ತಕ ಈಗ ಅಂಗಡಿಗಳಲ್ಲಿದೆ, ಚೆನ್ನಾಗಿಯೇ ಹೋಗುತ್ತಿದೆ. ಆ ಅಧ್ಯಾಯವನ್ನು ನಾನಿನ್ನೂ ಓದಿಲ್ಲ. ನನ್ನ ಪ್ರತಿಯಲ್ಲಿ ಆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ.