ಮುದ್ದೆ ಯಂತ್ರದ ಪುಟ್ಟ ಕಿಟಕಿ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ದೊಡ್ಡಬಳ್ಳಾಪುರದ ಠಾಣೆಗೆ ಬಂದ ದೂರನ್ನು ಓದಿ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೀರಪ್ಪ ಮೊದಲು ನಕ್ಕರು, ಆಮೇಲೆ ಗಂಭೀರರಾದರು. ಮುದ್ದೆ ತಿರುವುವ ಯಂತ್ರ ಕಳವಾಗಿದೆ ಎಂದು ದೂರು. ಆದರೆ ಯಂತ್ರ ಇದ್ದ ಜಾಗದಲ್ಲೇ ಇದೆ. ಹೋಗಿರುವುದು ಅದನ್ನು ಕಂಡುಹಿಡಿದವರ ಹೆಸರು.

ದೂರು ತಂದವಳು ಅರ್ಪಿತ. ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಅವಳ ತಾಯಿ ಮುನಿತಾಯಮ್ಮ ಬಸ್ ನಿಲ್ದಾಣದ ಹತ್ತಿರ ಮೆಸ್ ನಡೆಸುತ್ತಾರೆ. ಮಗ್ಗದವರು, ತಾಲ್ಲೂಕು ಕಚೇರಿಗೆ ಬಂದವರು, ಪೊಲೀಸರು, ಎಲ್ಲರೂ ಮಧ್ಯಾಹ್ನ ಅಲ್ಲೇ ಸೇರುತ್ತಾರೆ.

"ಹೋದ ವಾರದಿಂದ ನಿಮ್ಮ ಮೆಸ್ಸಲ್ಲಿ ಮುದ್ದೆ ಇಲ್ದೇ ಇರೋದು ಇದಕ್ಕೇನಮ್ಮಾ?" ಎಂದರು ಚಿಕ್ಕಬೀರಪ್ಪ. ಒಂದು ವಾರದಿಂದ ಅವರು ಮಧ್ಯಾಹ್ನವೂ ಚಿತ್ರಾನ್ನ ತಿನ್ನುತ್ತಿದ್ದರು, ಮುಖದಲ್ಲಿ ಅದು ಕಾಣುತ್ತಿತ್ತು.

"ಹೂಂ ಸಾರ್. ಅಮ್ಮ ಹೆದರ್ಕೊಂಡು ನಿಲ್ಲಿಸ್ಬಿಟ್ಟವ್ರೆ."

ಇನ್‌ಸ್ಪೆಕ್ಟರ್ ಶಶಿರೇಖಾ ಕುರ್ಚಿ ತೋರಿಸಿ, ಮೊದಲಿಂದ ಹೇಳಲು ಹೇಳಿದರು. ಮುದ್ದೆ ತಿರುವಿ ತಿರುವಿ ಮುನಿತಾಯಮ್ಮನ ಬಲಭುಜ ಸೋತುಹೋಗಿತ್ತು. ಇನ್ನು ಕೋಲು ಹಿಡಿದು ತಿರುವಿದರೆ ಕೈಯನ್ನೇ ಎತ್ತಲಾಗುವುದಿಲ್ಲ ಎಂದು ಡಾಕ್ಟರು ಬೈದಿದ್ದರು. ಮುದ್ದೆ ಇಲ್ಲದ ಮೆಸ್ಸಿಗೆ ಯಾರು ಬರುತ್ತಾರೆ? ಅರ್ಪಿತ ಕಾಲೇಜು ಮುಗಿಸಿ ಬಂದು, ಕೆಡವಿ ಕಟ್ಟಿ, ಕೆಡವಿ ಕಟ್ಟಿ, ಒಂದು ಯಂತ್ರ ಮಾಡಿದಳು. ಅದು ಅಮ್ಮನ ಕೈಯಂತೆಯೇ ಗಂಟಿಲ್ಲದೆ ತಿರುವುತ್ತಿತ್ತು. ಪೇಟೆಂಟ್ ಮಾಡಿಸೋಣವೆಂದು ದೇವನಹಳ್ಳಿಯ ಉಮಾಶಂಕರ್ ಎಂಬುವವರ ಬಳಿ ಹೋದಳು. ಪೇಟೆಂಟ್ ಅರ್ಜಿ ಬರೆಯುವುದರಲ್ಲಿ ಆತ ಪಳಗಿದ ಕೈ. ಯಾರಿಗೂ ತಿಳಿಸುವುದಿಲ್ಲವೆಂದು ಸಹಿ ಮಾಡಿಕೊಟ್ಟು ಚಿತ್ರ, ವಿವರ ಎಲ್ಲ ಪಡೆದುಕೊಂಡ. ಆಮೇಲೆ ಫೋನ್ ಮಾಡಿ, ಇಂಥದ್ದು ಆಗಲೇ ಬೇರೆ ಕಡೆ ಇದೆ, ಅರ್ಜಿ ಹಾಕಿದರೆ ಬಿದ್ದುಹೋಗುತ್ತದೆ, ಬಿಟ್ಟುಬಿಡಿ ಎಂದ. ಅರ್ಪಿತ ನಂಬಿ ಬಿಟ್ಟುಬಿಟ್ಟಳು.

ಹೋದ ವಾರ ಅದೇ ಉಮಾಶಂಕರ್ ಪರವಾಗಿ ವಕೀಲರ ನೋಟಿಸ್ ಬಂತು. ಈ ಯಂತ್ರ ಆತನ ಸಂಶೋಧನೆ, ಅರ್ಜಿ ಪ್ರಕಟವಾಗಿದೆ, ಕೂಡಲೇ ಬಳಕೆ ನಿಲ್ಲಿಸತಕ್ಕದ್ದು. ಮುನಿತಾಯಮ್ಮ 'ನ್ಯಾಯಾಲಯ' ಎಂಬ ಒಂದೇ ಪದ ಓದಿಕೊಂಡು ಯಂತ್ರದ ಮೇಲೆ ಹಳೇ ಸೀರೆ ಹೊದಿಸಿ, 'ಮುದ್ದೆ ಇಲ್ಲ' ಎಂದು ಬೋರ್ಡು ಹಾಕಿದ್ದರು.

"ಇನ್ನೊಂದು ತಿಂಗಳು ಹೀಗೇ ಆದ್ರೆ ಬಾಗ್ಲು ಹಾಕ್ಬೇಕು ಮೇಡಂ," ಎಂದಳು ಅರ್ಪಿತ.

"ಯಂತ್ರ ಯಾರ ಸಂಶೋಧನೆ ಅಂತ ತೀರ್ಮಾನ ಮಾಡೋದು ಪೇಟೆಂಟ್ ಕಚೇರಿ. ನಂಬಿ ಕೊಟ್ಟಿದ್ದನ್ನ ಆತ ದುರುಪಯೋಗ ಮಾಡ್ಕೊಂಡ್ನಾ ಅಂತ ನೋಡೋದು ನಮ್ಮ ಕೆಲಸ," ಎಂದರು ಶಶಿರೇಖಾ. ನಂಬಿಕೆ ದ್ರೋಹ ಮತ್ತು ವಂಚನೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು.

ಅಂದು ಸಂಜೆ ಅವರು ಅರ್ಪಿತಳ ವಿವರವನ್ನೂ ಉಮಾಶಂಕರನ ಪ್ರಕಟಿತ ಅರ್ಜಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತರು. ಯಂತ್ರದ ಹೊಟ್ಟೆಯೊಳಗಿನದು ಒಂದೇ ಎನ್ನಿಸುತ್ತಿತ್ತು, ಮಾತು ಮಾತ್ರ ಎಳ್ಳಷ್ಟೂ ಹೊಂದುತ್ತಿರಲಿಲ್ಲ. ಅರ್ಪಿತ ಕೋಲು ಎಂದಲ್ಲಿ ಆತ 'ಕಲಕುವ ಅಂಗ' ಎಂದಿದ್ದ. ಪಾತ್ರೆ 'ಶಾಖ ಗ್ರಹಿಸುವ ಧಾರಕ' ಆಗಿತ್ತು. ರಾಗಿಹಿಟ್ಟು 'ಪಿಷ್ಟಯುಕ್ತ ಧಾನ್ಯಚೂರ್ಣ'.

ಚಿಕ್ಕಬೀರಪ್ಪ ಇಣುಕಿ ನೋಡಿ, "ಮುದ್ದೆ ಅನ್ನೋ ಪದಾನೇ ಇಲ್ವಲ್ಲ ಮೇಡಂ. ಹಿಂಗ್ ಬರ್ದಿದ್ದನ್ನ ಯಾರ್ ತಿಂತಾರೆ?" ಎಂದು ನೊಂದುಕೊಂಡರು.

ಮಂಗಳವಾರ ಬೆಳಿಗ್ಗೆ ಇಬ್ಬರೂ ದೇವನಹಳ್ಳಿಗೆ ಹೋದರು. ಉಮಾಶಂಕರ್ ಐವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಪೊಲೀಸರನ್ನು ಕಂಡು ಬೆವರಲಿಲ್ಲ, ಕಾಫಿ ತರಿಸಿದ.

"ಅರ್ಪಿತ ಕೊಟ್ಟ ವಿವರ ಏನ್ಮಾಡಿದ್ರಿ?"

"ಓದಿದೆ. ಆಗಲ್ಲ ಅಂದೆ. ಅಳಿಸಿಹಾಕಿದೆ."

"ನಿಮ್ಮ ಯಂತ್ರ ಯಾವಾಗ ಹೊಳೀತು?"

"ಮೊದಲಿಂದ್ಲೂ ತಲೇಲಿತ್ತು."

"ಯಂತ್ರ ತೋರಿಸಿ."

"ಅರ್ಜಿಗೆ ಯಂತ್ರ ಬೇಕಾಗಿಲ್ಲ ಮೇಡಂ. ಬರವಣಿಗೆ ಸಾಕು."

"ಎಐ ಬಳಸ್ತೀರಾ?"

"ಈಗ ಯಾರು ಬಳಸಲ್ಲ? ಭಾಷೆ ತಿದ್ದೋಕೆ ಬಳಸ್ತೀನಿ. ಅದು ಅಪರಾಧ ಅಲ್ವಲ್ಲ."

"ಅಲ್ಲ," ಎಂದು ಶಶಿರೇಖಾ ಒಪ್ಪಿಕೊಂಡರು. "ಇದು ಹೊಸ ಲ್ಯಾಪ್‌ಟಾಪ್. ಹಳೇದು?"

"ಕೆಟ್ಟುಹೋಗಿತ್ತು. ಹೋದ ವಾರ ಗುಜರಿಗೆ ಹಾಕ್ದೆ." ಆತ ಬಾಗಿಲವರೆಗೂ ಬಂದು ಬೀಳ್ಕೊಟ್ಟ. "ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಮೇಡಂ. ಒಂದೇ ಒಂದು ವಾಕ್ಯ ಹೊಂದಿದ್ರೂ ನಾನೇ ಠಾಣೆಗೆ ಬರ್ತೀನಿ."

ಜೀಪು ಹತ್ತುತ್ತಾ ಶಶಿರೇಖಾ ಗೊಣಗಿದರು. ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದು ಅವರಿಗೆ ಗೊತ್ತಾಗಿತ್ತು, ಆದರೆ ಗೊತ್ತಾಗಿದ್ದನ್ನು ನ್ಯಾಯಾಧೀಶರ ಮುಂದೆ ಇಡಲು ಬರುವುದಿಲ್ಲ. ಗುಜರಿ ಅಂಗಡಿಗಳನ್ನು ಜಾಲಾಡುವ ಕೆಲಸ ಚಿಕ್ಕಬೀರಪ್ಪನವರ ಪಾಲಿಗೆ ಬಂತು.

ಬುಧವಾರ ಹನ್ನೆರಡು ಗಂಟೆಗೆ ಮೆಸ್ಸಿನಲ್ಲಿ ಪಂಚನಾಮೆ. ಪಂಚರಾಗಿ ಮಗ್ಗದ ಮಾಲೀಕ ಪಿಳ್ಳಪ್ಪ ಮತ್ತು ಪಕ್ಕದ ಅಂಗಡಿಯ ಒಬ್ಬರು ಬಂದರು. ಪಿಳ್ಳಪ್ಪ ಸಾಕ್ಷಿ ಹೇಳಲು ಬಂದರೋ ಊಟಕ್ಕೆ ಬಂದರೋ ಹೇಳುವುದು ಕಷ್ಟ. ಚಿಕ್ಕಬೀರಪ್ಪ ವಿಡಿಯೊ ಹಿಡಿದರು. ಮುನಿತಾಯಮ್ಮ ಸೀರೆ ಸರಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ನೀರು ಕುದಿಸಿ ಹಿಟ್ಟು ಸುರಿದರು. ಮುಚ್ಚಳ ಬಿತ್ತು. ಹಿಟ್ಟು ಬೇಯುವವರೆಗೆ ಯಂತ್ರ ಸುಮ್ಮನಿತ್ತು, ಆಮೇಲೆ ತಿರುಗತೊಡಗಿತು. ಘಮ ಎದ್ದಿತು. ಪಂಚರಿಬ್ಬರೂ ಒಂದು ಹೆಜ್ಜೆ ಮುಂದೆ ಬಂದರು.

ಇದ್ದಕ್ಕಿದ್ದಂತೆ ಯಂತ್ರ ನಿಂತಿತು. ಮುನಿತಾಯಮ್ಮ ಅದರ ಪಕ್ಕದಲ್ಲಿದ್ದ ಅಂಗೈಯಷ್ಟಗಲದ ಕಿಟಕಿ ತೆರೆದು, ಚಮಚದ ತುದಿಯಲ್ಲಿ ಒಂದು ಚೂರು ಮುದ್ದೆ ತೆಗೆದು, ಗ್ಯಾಸಿನ ಉರಿಗೆ ಹಾಕಿ ಕೈ ಮುಗಿದರು. ಕಿಟಕಿ ಮುಚ್ಚಿತು. ಯಂತ್ರ ಮತ್ತೆ ತಿರುಗಿತು.

"ಇದ್ಯಾಕಮ್ಮಾ?" ಎಂದರು ಶಶಿರೇಖಾ.

"ಒಲೆಗೆ ಮೇಡಂ. ಮೊದಲ ತುತ್ತು ಒಲೆಗೆ ಕೊಡ್ದೆ ನಾನು ಯಾರಿಗೂ ಬಡಿಸಲ್ಲ. ನಮ್ಮತ್ತೆ ಹೇಳ್ಕೊಟ್ಟಿದ್ದು. ಗ್ಯಾಸಾದ್ರೇನು, ಅದೂ ಉರಿಯೋದೇ ತಾನೆ?"

"ಮುಚ್ಚಳ ತೆಗೆದ್ರೆ ಹಬೆಯೆಲ್ಲ ಹೋಗಿ ಮುದ್ದೆ ಕೆಡೋದು," ಎಂದು ಅರ್ಪಿತ ಸೇರಿಸಿದಳು. "ಅಮ್ಮ ಕೊಡ್ದೆ ಇರಲ್ಲ. ಅದಕ್ಕೇ ಕಿಟಕಿ ಮಾಡ್ದೆ."

"ಇದನ್ನ ಉಮಾಶಂಕರ್‌ಗೆ ಬರೆದು ಕೊಟ್ಟಿದ್ರಾ?"

ಅರ್ಪಿತಳ ಮುಖ ಕೆಂಪಾಯಿತು. "ಕಿಟಕಿ ಇದೆ, ಇಲ್ಲಿ ಯಂತ್ರ ಒಂದು ಗಳಿಗೆ ನಿಲ್ಲುತ್ತೆ ಅಂತ ಮಾತ್ರ ಬರೆದೆ. ಯಾಕೆ ಅಂತ ಬರೀಲಿಲ್ಲ. ಪೇಟೆಂಟ್ ಅರ್ಜೀಲಿ ಒಲೆಗೆ ಎಡೆ ಇಡೋದು ಅಂತ ಹೆಂಗೆ ಬರೀಲಿ ಮೇಡಂ? ನಾಚಿಕೆ ಆಯ್ತು."

ಶಶಿರೇಖಾ ಕೈಚೀಲದಿಂದ ಉಮಾಶಂಕರನ ಅರ್ಜಿ ತೆಗೆದು ಪುಟ ಮಗುಚಿದರು. ಸಿಕ್ಕಿತು. 'ತೇವಾಂಶ ಮಾದರಿ ಸಂಗ್ರಹಣಾ ದ್ವಾರ'. ಯಂತ್ರ ಅಲ್ಲಿ ಕೆಲ ಕ್ಷಣ ಸ್ಥಗಿತಗೊಳ್ಳುವುದು. ಕಾರಣ ಕೇಳಿದರೆ, ಅರ್ಧ ಪುಟದುದ್ದ ತೇವಾಂಶ ನಿಯಂತ್ರಣದ ಮಹಿಮೆ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಆಮೇಲೆ ಮುನಿತಾಯಮ್ಮನಿಗೆ, "ನೋಟಿಸ್ ಅಂದ್ರೆ ಕೋರ್ಟಿನ ಆದೇಶ ಅಲ್ಲಮ್ಮಾ. ಪೇಟೆಂಟ್ ಇನ್ನೂ ಯಾರಿಗೂ ಸಿಕ್ಕಿಲ್ಲ. ಬೋರ್ಡ್ ತೆಗೀರಿ," ಎಂದರು. ಬೋರ್ಡನ್ನು ತೆಗೆದವರು ಚಿಕ್ಕಬೀರಪ್ಪ. ಎರಡು ಮುದ್ದೆ, ಅವರೆಕಾಳು ಸಾರು, ಮೇಲೊಂದು ಲೋಟ ಮಜ್ಜಿಗೆ ಮುಗಿಸಿ, ಅವರು ಒಂದು ವಾರದ ಮೇಲೆ ನೆಮ್ಮದಿಯಾಗಿ ತೇಗಿದರು. ಮುನಿತಾಯಮ್ಮ ಯಾರಿಂದಲೂ ದುಡ್ಡು ತಗೊಳ್ಳುವುದಿಲ್ಲ ಎಂದು ಹಟ ಹಿಡಿದರೂ ಶಶಿರೇಖಾ ಕೊಟ್ಟೇ ಹೊರಟರು.

ಆ ಊಟದ ಹುರುಪೋ ಏನೋ, ಗುರುವಾರ ಚಿಕ್ಕಬೀರಪ್ಪ ದೇವನಹಳ್ಳಿಯ ಗುಜರಿಯೊಂದರಲ್ಲಿ ಹಳೆಯ ಲ್ಯಾಪ್‌ಟಾಪ್ ಪತ್ತೆಮಾಡಿದರು. ಕೆಟ್ಟಿರಲಿಲ್ಲ, ಒಳಗಿನದನ್ನೆಲ್ಲ ಅಳಿಸಲಾಗಿತ್ತು. ಜಪ್ತಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಠಾಣೆಯಿಂದ ಹೋದ ನೋಟಿಸಿನಂತೆ ಶುಕ್ರವಾರ ಹತ್ತೂವರೆಗೆ ಉಮಾಶಂಕರ್ ಠಾಣೆಗೆ ಬಂದ. ಮಡಿಕೆ ಮುರಿಯದ ಅಂಗಿ ಅಂದೂ ಇತ್ತು.

"ಈ ದ್ವಾರ ಯಾಕೆ?"

"ತೇವಾಂಶ ಪರೀಕ್ಷೆಗೆ."

"ಯಾವುದ್ರಿಂದ ಪರೀಕ್ಷೆ ಮಾಡ್ತೀರಿ?"

"ಸೆನ್ಸರ್ ಇರುತ್ತೆ."

"ಅರ್ಜೀಲಿ ಸೆನ್ಸರ್ ಎಲ್ಲೂ ಇಲ್ಲ. ಹೋಗ್ಲಿ, ತೆಗೆದ ಚೂರು ಎಲ್ಲಿಗೆ ಹೋಗುತ್ತೆ?"

ಉಮಾಶಂಕರ್ ಅಂಗಿಯ ತೋಳು ಸರಿಮಾಡಿಕೊಂಡ.

"ತೇವ ಜಾಸ್ತಿ ಇದ್ರೆ ಯಂತ್ರ ಏನ್ಮಾಡುತ್ತೆ?"

"ಮುಂದುವರಿಯುತ್ತೆ."

"ಕಡಿಮೆ ಇದ್ರೆ?"

"ಮುಂದುವರಿಯುತ್ತೆ."

"ಹಾಗಾದ್ರೆ ಯಾಕೆ ತೆಗೀತೀರಿ?"

ಉಮಾಶಂಕರ್ ಅರ್ಜಿಯನ್ನು ಎಳೆದುಕೊಂಡು ಆ ಭಾಗ ಓದಿದ. ಓದುತ್ತಾ ಓದುತ್ತಾ ಅವನ ಮುಖದ ಗೆಲುವು ಇಳಿಯಿತು. ಶಶಿರೇಖಾ ವಿಡಿಯೊ ಹಾಕಿ ಫೋನನ್ನು ಅವನ ಮುಂದಿಟ್ಟರು. ಮುನಿತಾಯಮ್ಮ ಉರಿಗೆ ತುತ್ತು ಹಾಕಿ ಕೈ ಮುಗಿಯುವುದನ್ನು ಆತ ಎರಡು ಸಲ ನೋಡಿದ. ಗುಜರಿಯಲ್ಲಿ ಲ್ಯಾಪ್‌ಟಾಪ್ ಸಿಕ್ಕ ಸುದ್ದಿಯನ್ನೂ ಹೇಳಿದ ಮೇಲೆ ಬಾಯಿಬಿಟ್ಟ.

"ಅವಳು ಬರೆದಿದ್ದನ್ನೇ ಎಐಗೆ ಕೊಟ್ಟೆ. ಅರ್ಥ ಬದಲಾಗಬಾರದು, ಒಂದು ವಾಕ್ಯಾನೂ ಹಳೇದರ ಹಾಗೆ ಕಾಣಬಾರದು, ಕಾರಣ ಬಿಟ್ಟುಹೋಗಿರೋ ಕಡೆ ಕಾರಣ ಸೇರಿಸು ಅಂದೆ."

ಸಾಕ್ಷ್ಯ ನಾಶಕ್ಕೆ ಯತ್ನಿಸಿದ್ದನ್ನು ಕಾರಣವಾಗಿ ದಾಖಲಿಸಿ ಹನ್ನೆರಡೂಕಾಲಿಗೆ ಆತನನ್ನು ಬಂಧಿಸಲಾಯಿತು. ಆತನ ಹೆಂಡತಿಗೆ ವಿಷಯ ತಿಳಿಸಿದರು. ಅರ್ಜಿಯನ್ನು ವಾಪಸು ಪಡೆಯುವುದಾಗಿ, ಯಂತ್ರ ಅರ್ಪಿತಳದೇ ಎಂಬುದಾಗಿ ಬರೆದುಕೊಡಲು ಆತನೇ ಕಾಗದ ಕೇಳಿದ. ಠಾಣೆಗೆ ಬಂದು ಆತ ಬರೆದ ಕಾಗದವನ್ನು ಓದಿದ ಅರ್ಪಿತ ಸಂಶೋಧಕರ ಹೆಸರಿನ ಜಾಗದಲ್ಲಿ ಅಮ್ಮನದನ್ನೂ ಸೇರಿಸಿಯೇ ಹೊಸ ಅರ್ಜಿ ಹಾಕುತ್ತೇನೆಂದು ಫೋನಿನಲ್ಲಿ ಅಮ್ಮನಿಗೆ ಹೇಳುತ್ತಿದ್ದುದು ಹೊರಗಿನ ಬೆಂಚಿನಿಂದ ಕೇಳುತ್ತಿತ್ತು. ಅಮ್ಮ ಆ ಕಡೆಯಿಂದ ಬೈಯುತ್ತಿದ್ದರು, ಅವಳು ನಗುತ್ತಿದ್ದಳು.

ಒಳಗೆ ಸ್ವಇಚ್ಛಾ ಹೇಳಿಕೆ ಬರೆಯುವಾಗ ಶಶಿರೇಖಾ ಕೇಳಿದರು, "ಇಷ್ಟು ಬುದ್ಧಿವಂತರು. ಯಾಕೆ ಬೇಕಿತ್ತು?"

"ಇಪ್ಪತ್ತು ವರ್ಷ ಬೇರೆಯವರ ಯಂತ್ರಗಳನ್ನ ಬರೆದೆ ಮೇಡಂ. ಸಂಶೋಧಕರ ಜಾಗದಲ್ಲಿ ಒಂದ್ಸಲಾನೂ ನನ್ನ ಹೆಸರಿಲ್ಲ. ಇರಬಾರದು, ಅದು ಸರಿ. ಆದ್ರೆ ಬರವಣಿಗೆ ನಂದು ಅನ್ನೋದೊಂದಿತ್ತು. ಈಗ ಎಲ್ರೂ ಎಐ ಹತ್ರ ಬರೆಸ್ಕೊಂಡು ಬಂದು, ಸುಮ್ನೆ ಒಂದ್ಸಲ ಕಣ್ಣಾಡಿಸಿಕೊಡಿ ಅಂತಾರೆ. ಒಂದು ಕಡೆ ಆದ್ರೂ ನನ್ನ ಹೆಸರು ಉಳೀಲಿ ಅನ್ನಿಸ್ತು."

ಶಶಿರೇಖಾಗೆ ಅವನ ಮೇಲೆ ಸಿಟ್ಟಿತ್ತು, ಈಗ ಅದರ ಜೊತೆಗೆ ಕನಿಕರವೂ ಬಂತು. ಎರಡನ್ನೂ ಅವರು ಮುಚ್ಚಿಡಲಿಲ್ಲ.

"ಆ ಕಿಟಕಿ ಒಂದನ್ನ ತೆಗೆದಿದ್ರೆ ನಾವು ಇಷ್ಟು ಬೇಗ ನಿಮ್ಮ ಹತ್ರ ಬರೋಕಾಗ್ತಿರಲಿಲ್ಲ. ನಿಮ್ಮಂಥೋರ ಕಣ್ಣಿಗೆ ಹೆಂಗೆ ತಪ್ಪೋಯ್ತು?"

ಉಮಾಶಂಕರ್ ಮೇಜಿನ ಮೇಲಿದ್ದ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ.

"ಬೇರೆಯವರದು ಒಂದೊಂದು ಪದಾನೂ ಮೂರ್ಮೂರು ಸಲ ಓದಿ ಕಳಿಸ್ತಿದ್ದೆ ಮೇಡಂ. ಇದನ್ನ ಓದೋಕೆ ಮನಸ್ಸೇ ಬರಲಿಲ್ಲ. ನನ್ನ ಹೆಸರಿರೋ ಪುಟ ಒಂದೇ ನೋಡಿದೆ."

ಬರೆದುಕೊಳ್ಳುತ್ತಿದ್ದ ಚಿಕ್ಕಬೀರಪ್ಪ ಪೆನ್ನು ನಿಲ್ಲಿಸಿ, ಇದನ್ನು ಸ್ವಲ್ಪ ಸರಿಮಾಡಿ ಹಾಕಲೇ ಎಂಬಂತೆ ಇನ್‌ಸ್ಪೆಕ್ಟರ್ ಕಡೆ ನೋಡಿದರು.

"ಬೇಡ ಬೀರಪ್ಪನೋರೆ," ಎಂದರು ಶಶಿರೇಖಾ. "ಅವರು ಹೇಳಿದ ಹಾಗೇ ಬರೀರಿ."