ಬೆವರದ ಮಡಕೆಗಳು

"ಆ ಬಕೆಟ್ಟಿನಾಗ ಬ್ರಷ್ ಅದ್ದಬ್ಯಾಡ್ರಿ."

ಬೋರ್ಡ್ ಬರೆಯುತ್ತಿದ್ದ ಉತ್ತಮ ತಿರುಗಿ ನೋಡುವಷ್ಟರಲ್ಲಿ ಬ್ರಷ್ ಅದ್ದಿಯಾಗಿತ್ತು. ಬಕೆಟ್ಟಿನ ನೀರೆಲ್ಲ ನೀಲಿಯಾಯಿತು.

ಎದುರಿಗೆ ನಿಂತಿದ್ದವಳು ಸುಮೇಧಾ. ದುಬಲಗುಂಡಿಯ ಹುಡುಗಿ, ಸಸ್ಯಶಾಸ್ತ್ರದ ಎಂ.ಎಸ್ಸಿ. ಹಾಸ್ಟೆಲ್ ಅಡುಗೆಮನೆಯಲ್ಲಿ ಅಕ್ಕಿ, ಕಾಯಿಪಲ್ಲೆ ತೊಳೆದ ನೀರನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದಳು.

"ಹೊಲಸು ನೀರು ಅಂದ್ಕೊಂಡೆ ರೀ..."

"ನಿಮಗ ಹೊಲಸು. ನನ್ನ ಗಿಡಕ್ಕ ಇವತ್ತಿನ ಊಟ ಅದು."

ಅವಳ ಕಣ್ಣಲ್ಲಿ ನೀರಾಡಿದ್ದನ್ನು ಅವನು ಕಂಡ. ಬಕೆಟ್ ಎತ್ತಿಕೊಂಡು ಹೋದ. ಅರ್ಧ ತಾಸಿನ ಮೇಲೆ ಎರಡು ಬಕೆಟ್ ತುಂಬಿಸಿಕೊಂಡು, ಪ್ಯಾಂಟೆಲ್ಲ ತೋಯಿಸಿಕೊಂಡು ಬಂದ.

"ಗಲ್ತಿ ಆತು. ನಾಳೆಯಿಂದ ನಾನೂ ಹೊರ್ತೇನಿ."

ಬಂದಾನು ಎಂದು ಅವಳೇನೂ ನಂಬಲಿಲ್ಲ. ಬಂದ!

ಎರಡು ಸಾವಿರದ ಮೂರನೆಯ ಇಸವಿ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಆ ಸ್ನಾತಕೋತ್ತರ ಕೇಂದ್ರ. ಉತ್ತಮ ಅಲ್ಲಿ ಇತಿಹಾಸದ ವಿದ್ಯಾರ್ಥಿ. ಅವನ ಅಪ್ಪ ಹುಮನಾಬಾದಿನ ಬೋರ್ಡ್ ಪೇಂಟರ್ ಜೈಭೀಮ. ಬಿಡುವಾದಾಗಲೆಲ್ಲ ಮಗನ ಕೈಯಲ್ಲೂ ಬ್ರಷ್ ಇರುತ್ತಿತ್ತು.

ಹಾಸ್ಟೆಲ್ ಹಿಂದಿನ ಬಯಲಿನಲ್ಲಿ ಸುಮೇಧಾ ನಲವತ್ತು ಬೇವಿನ ಸಸಿ ನೆಟ್ಟಿದ್ದಳು. ಕೇಂದ್ರದ ಮುಖ್ಯಸ್ಥ ಬಸವಣಪ್ಪ ಸರ್ ಒಂದೇ ಷರತ್ತು ಹಾಕಿದ್ದರು.

"ಯುಗಾದಿ ಹೊತ್ತಿಗೆ ಮೂವತ್ತಾದ್ರೂ ಬದುಕಿರಬೇಕವ್ವಾ. ಇಲ್ಲಾಂದ್ರ ಆ ಜಾಗದಾಗ ಸ್ಕೂಟರ್ ಸ್ಟ್ಯಾಂಡ್ ಮಾಡ್ತೇವಿ."

ಊರಲ್ಲಿ ಅವಳ ಅವ್ವ ಕಮಳಾಬಾಯಿ ಜೀವಮಾನವಿಡೀ ಮಂದಿಯ ಹೊಲದಲ್ಲಿ ಗಿಡ ಬೆಳೆಸಿದವಳು. ತಮ್ಮದು ಎನ್ನುವ ಒಂದು ಮರದ ನೆರಳೂ ಆ ಮನೆಗೆ ಇರಲಿಲ್ಲ. ಇಲ್ಲಾದರೂ ನಾನು ನೆಟ್ಟದ್ದು ನಿಲ್ಲಬೇಕು... ಸುಮೇಧಾಳ ಆಸೆ ಇಷ್ಟೇ ಇತ್ತು.

ನೀರು ಹೊರುತ್ತಾ ಹೊರುತ್ತಾ ಮಾತು ಬೆಳೆಯಿತು. ಅವನು ಬಾರದ ದಿನ ಬಕೆಟ್ ಭಾರ ಅನಿಸತೊಡಗಿತು. ಅದು ನೀರಿನ ಭಾರವಲ್ಲ ಎಂದು ಅವಳಿಗೆ ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ಮನಸ್ಸು ತಯಾರಿರಲಿಲ್ಲ.

ಬಿಸಿಲೇರಿದಾಗ ಅವಳು ಹೊಸ ಉಪಾಯ ಮಾಡಿದಳು. ಪ್ರತಿ ಸಸಿಯ ಪಕ್ಕ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯ ತನಕ ಹೂಳುವುದು, ನೀರು ತುಂಬಿ ಮುಚ್ಚುವುದು. ಮಡಕೆ ಬೆವರಿದಷ್ಟು ನೀರು ಬೇರಿಗೆ ಇಳಿಯುತ್ತದೆ, ಒಂದು ಹನಿಯೂ ಬಿಸಿಲಿಗೆ ಹಾರುವುದಿಲ್ಲ. ಮಡಕೆಗಳು ಬಂದ ದಿನವೇ ಊರಿನಿಂದ ಕರೆ ಬಂತು. ಅವ್ವ ಕಾಲು ಮುರಿದುಕೊಂಡಿದ್ದಳು, ಜೋಳದ ರಾಶಿ ನಡೆದಿತ್ತು.

"ನೀವು ಹೋಗ್ರಿ. ಮಡಕಿ ನಾ ಹೂಳ್ತೇನಿ, ರೋಜ್ ನೋಡ್ತೇನಿ," ಎಂದ ಉತ್ತಮ.

"ಮಡಕಿ ತುಂಬಾ ನೀರಿರಲಿ. ಗಿಡಕ್ಕ ತಂಪಾಗ್ತದ," ಎಂದಷ್ಟೇ ಹೇಳಿ ಅವಳು ಬಸ್ ಹತ್ತಿದಳು. ಮಡಕೆ ಬೆವರುತ್ತದೆ ಎಂದು ಯಾರಿಗಾದರೂ ಬಿಡಿಸಿ ಹೇಳಬೇಕೇ?

ಹೋಳಿ ಮುಗಿಸಿ, ಹದಿನೈದು ದಿನದ ಮೇಲೆ ಅವಳು ಮರಳಿದಾಗ ಸಸಿಗಳಲ್ಲಿ ಒಂದೆಲೆಯೂ ಇರಲಿಲ್ಲ. ಬುಡದ ಮಣ್ಣು ಬೂದಿಯಂತೆ ಒಣಗಿತ್ತು. ಮಡಕೆಯ ಮುಚ್ಚಳ ತೆಗೆದರೆ... ಒಳಗೆ ಅಂಚಿನ ತನಕ ನೀರು!

ಉತ್ತಮ ನಗುತ್ತಾ ಓಡಿ ಬಂದ. "ನೋಡ್ರಿ, ಒಂದು ಮಡಕಿನೂ ಖಾಲಿ ಆಗಿಲ್ಲ."

"ಇವತ್ತು ತುಂಬಿಸೀರೇನು? ನಾ ಬರ್ತೇನಿ ಅಂತ ಗೊತ್ತಾಗಿ?"

"ಏನ್ ಮಾತ್ರಿ ಇದು? ಮೊದಲ ದಿನ ತುಂಬಿಸಿದ್ದು ಹಾಂಗೇ ಅದ. ರೋಜ್ ಬಂದು ನೋಡೀನಿ. ಎಲಿ ಉದುರೋ ಕಾಲ ಅಂತ..."

"ಸುಳ್ಳು ಹೇಳಬ್ಯಾಡ್ರಿ. ತುಂಬಿದ ಮಡಕಿ ಬಾಜೂಕ ಮಣ್ಣು ಹ್ಯಾಂಗ ಒಣಗ್ತದ? ಬರಲಿಲ್ಲಂದ್ರ ಬರಲಿಲ್ಲ ಅನ್ರಿ. ಈ ನಾಟಕ ಯಾಕ?"

ಅವನ ಮುಖ ಸಪ್ಪಗಾಯಿತು. ತಿರುಗಿ ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಹಾಸ್ಟೆಲಿನಲ್ಲಿ ಅವಳು ಮುಸುಕು ಹೊದ್ದು ಅತ್ತಳು. ಗೆಳತಿ ಪೂನಂ ಕೇಳಿದರೆ, ಗಿಡ ಒಣಗಿದ್ದಕ್ಕೆ ಎಂದಳು.

ಮೂರನೆಯ ದಿನ ಬೆಳಿಗ್ಗೆ ಮಡಕೆ ತುಂಬಿಸಲು ಹೋದಳು. ಮುಚ್ಚಳ ತೆಗೆದು ಬಾಗಿ ನೋಡಿದಳು. ನೀರು ಅಂಚಿನಲ್ಲೇ ಇತ್ತು. ಈ ಎರಡು ದಿನ ಯಾರೂ ತುಂಬಿಸಿರಲಿಲ್ಲ, ಒಂದು ಬೆರಳಿನಷ್ಟೂ ಇಳಿದಿರಲಿಲ್ಲ.

'ಹಾಂಗೇ ಅದ ಅಂದಿದ್ದ. ಖರೇ ಹೇಳಿದ್ದ...'

ಮಡಕೆಯ ಸುತ್ತ ಮಣ್ಣು ಕೆದರಿದಳು. ಮಡಕೆಯ ಕುತ್ತಿಗೆ ಕೆಂಪು. ಅದರ ಕೆಳಗೆಲ್ಲ ಕಪ್ಪು, ಹೊಳಪಿನ ಡಾಂಬರು! ಇನ್ನೊಂದನ್ನು ಅಗೆದಳು. ಅದೂ ಹಾಗೇ.

ಮುಂದಿನ ಬಸ್ಸಿಗೇ ಹುಮನಾಬಾದು. ಜೈಭೀಮನ ಅಂಗಡಿಯಲ್ಲಿ ಉತ್ತಮ ಒಂದು ಹೊಸ ಬೋರ್ಡಿನ ಕಾಲಿಗೆ ಡಾಂಬರು ಬಳಿಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಮಾಫ್ ಮಾಡ್ರಿ," ಎಂದಳು ಸುಮೇಧಾ. ಬಸ್ಸಿನುದ್ದಕ್ಕೂ ಕಟ್ಟಿದ ಮಾತೆಲ್ಲ ಮರೆತುಹೋಗಿತ್ತು. "ನೀವು ಸುಳ್ಳು ಹೇಳಿಲ್ಲ. ನಾ ಕೇಳದೇ ಬೈದೆ."

ಅವನ ಮುಖ ಅರಳಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು, "ಮಡಕಿಗೆ ಇದು ಯಾಕ ಹಚ್ಚೀರಿ?"

"ಮಣ್ಣಾಗ ಇಳಿಸೋದಕ್ಕೆಲ್ಲ ಹಚ್ತೇವಲ್ಲ ನಾವು. ಬೋರ್ಡಿನ ಕಾಲು ಗೆದ್ದಲು ತಿನ್ನಬಾರದಲ್ಲಾ, ಹಾಂಗ ಮಡಕಿನೂ ಹಾಳಾಗಬಾರದು ಅಂತ ಎರಡು ಕೋಟು..." ಅವನು ಅವಳ ಮುಖ ನೋಡಿದ. "ಯಾಕ್ರಿ?"

"ಮಡಕಿ ಬೆವರಬೇಕಿತ್ತು. ಆ ನೀರೇ ಬೇರಿಗೆ ಹೋಗಬೇಕಿತ್ತು."

ಅವನ ಕೈಯಿಂದ ಬ್ರಷ್ ಜಾರಿತು. "ಅಂದ್ರ... ನಾನೇ ಕೊಂದೆನೇನು?"

"ನಾನೂ ಪೂರಾ ಹೇಳಲಿಲ್ಲ. ಗಲ್ತಿ ಇಬ್ಬರದೂ ಅದ. ನಡೀರಿ, ಅಳೋಕ ಟೈಮಿಲ್ಲ."

ಹೊಸ ಮಡಕೆ ಕೇಳಲು ಹೋದಾಗ ಬಸವಕಲ್ಯಾಣದ ಕುಂಬಾರರ ಮುದುಕಿ ಕೇಶರಬಾಯಿ ಕಥೆಯನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೊಟ್ಟಿಗಿ ಬಣ್ಣ ಬಳೀಲಿಲ್ಲಲ್ಲಪ್ಪಾ, ಅದೇ ಪುಣ್ಯ." ಆಮೇಲೆ ಹಿತ್ತಲಿಗೆ ಕರೆದೊಯ್ದಳು. "ಸೋರ್ತಾವ ಅಂತ ಯಾರೂ ಒಯ್ಯದ ಮಡಕಿ ಇಲ್ಲಿ ಬಿದ್ದಾವ. ಒಯ್ರಿ."

ಮಡಕೆಗಳ ಜೊತೆ ಮುದುಕಿಯೂ ಬಯಲಿಗೆ ಬಂದಳು. ಒಂದು ಸಸಿಯ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು ಗೆರೆ ಕಂಡಿತು.

"ಜೀವ ಅದ. ಬೇವು ಅಷ್ಟು ಲಗೂ ಸಾಯಂಗಿಲ್ಲ."

ಆಮೇಲಿನ ದಿನಗಳಲ್ಲಿ ಇಬ್ಬರೂ ಹಗಲೆಲ್ಲ ಅಗೆದರು, ಹೂಳಿದರು, ಹೊತ್ತರು. ಉತ್ತಮನ ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಾಯಿ ಬಿಡಲಿಲ್ಲ. ತನ್ನ ಕೈಯಿಂದ ಆದ ಹಾಳು ತನ್ನ ಕೈಯಿಂದಲೇ ಸರಿಯಾಗಬೇಕೆಂಬ ಹಟ ಅವನದು. ಅವಳಿಗೆ ಆ ಹಟವನ್ನು ನೋಡಿದಾಗಲೆಲ್ಲ ಎದೆ ತುಂಬುತ್ತಿತ್ತು.

ಯುಗಾದಿಯ ಹಿಂದಿನ ದಿನ ಬಸವಣಪ್ಪ ಸರ್ ಬಂದರು. ಒಂದೊಂದೇ ಸಸಿ ಮುಟ್ಟಿ ಎಣಿಸಿದರು. ತಾಮ್ರದ ಬಣ್ಣದ ಎಳೆ ಚಿಗುರು ಅಲ್ಲಲ್ಲಿ ನಕ್ಕಿತ್ತು.

"ಇಪ್ಪತ್ತೊಂಬತ್ತು."

ಸುಮೇಧಾ ಮತ್ತೊಮ್ಮೆ ಎಣಿಸಿದಳು. ಉಳಿದ ಹನ್ನೊಂದು ಕಡ್ಡಿಗಳಲ್ಲಿ ಹಸಿರಿನ ಸುಳಿವೇ ಇಲ್ಲ. ಉತ್ತಮ ಕೊನೆಯ ಸಾಲಿನಲ್ಲಿ ಮೊಣಕಾಲೂರಿ, ಒಂದೊಂದು ಬುಡವನ್ನೂ ಹುಡುಕುತ್ತಿದ್ದ.

"ಸರ್... ಇಲ್ಲಿ ಬರ್ರಿ."

ಕಡ್ಡಿಯ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಂತೆ ಸಾಸಿವೆಯಷ್ಟು ಒಂದು ಚಿಗುರು. ಸರ್ ಕನ್ನಡಕ ಸರಿಮಾಡಿಕೊಂಡು ಬಾಗಿ, ಬಹಳ ಹೊತ್ತು ನೋಡಿದರು.

"ಮೂವತ್ತು," ಎಂದರು. "ಸ್ಕೂಟರು ಎಲ್ಲಾದರೂ ನಿಲ್ತಾವ ಬಿಡವ್ವಾ. ಜಾಗ ನಿನ್ನದು."

ಸರ್ ಹೋದ ಮೇಲೆ ಸುಮೇಧಾ ಅಲ್ಲೇ ಮಣ್ಣಿನ ಮೇಲೆ ಕುಳಿತು ಮನಸಾರೆ ಅತ್ತಳು. ಉತ್ತಮ ಪಕ್ಕದಲ್ಲಿ, ಒಂದು ಮಾರು ದೂರ ಬಿಟ್ಟು ಕುಳಿತ.

"ಗಿಡ ಉಳದಾವಲ್ಲ, ಇನ್ನ ಯಾಕ ಅಳತೀರಿ?"

"ಉತ್ತಮ... ಅವತ್ತು ಹಾಸ್ಟೆಲಿನಾಗ ನಾ ಅತ್ತದ್ದು ಗಿಡ ಒಣಗ್ಯಾವ ಅಂತ ಅಲ್ಲ. ನೀವು ನನಗ ಸುಳ್ಳು ಹೇಳಿದ್ರಿ ಅಂತ ಅತ್ತೆ. ಗಿಡ ಮತ್ತ ಹಚ್ಚಬಹುದಿತ್ತು. ನಿಮ್ಮಂಥವರನ್ನ ಎಲ್ಲಿಂದ ತರಲಿ?"

ಅವನು ಅವಳ ಕಡೆ ತಿರುಗಿದ.

"ನನ್ನ ಮ್ಯಾಲ ಅಷ್ಟು ಭರೋಸಾ ಇತ್ತೇನ್ರಿ?"

"ಇತ್ತು. ಅದಕ್ಕ ಅಷ್ಟು ಸಿಟ್ಟು ಬಂತು."

"ನನಗ ನಿಮ್ಮ ಮ್ಯಾಲ ಪ್ರೀತಿ ಅದ ಸುಮೇಧಾ. ಹೇಳಾಕ ಅಂಜಿಕಿ ಇತ್ತು. ಎಲ್ಲಾ ಹಾಳುಮಾಡಿದ ಮ್ಯಾಲ ಹ್ಯಾಂಗ ಹೇಳಲಿ ಅಂತ..."

ಅವಳು ಹತ್ತಿರ ಸರಿದು ಅವನ ಬೊಬ್ಬೆಗಟ್ಟಿದ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇನ್ನೊಮ್ಮೆ ಗಲ್ತಿ ಮಾಡಿದ್ರ?" ಎಂದ ಅವನು, ಹೆದರಿಕೆಯೂ ನಗುವೂ ಕೂಡಿ.

"ಮೊದಲ ನಿನ್ನ ಕೇಳ್ತೇನಿ. ಆಮ್ಯಾಲ ಬೈತೇನಿ."

'ನಿನ್ನ' ಎಂದಿದ್ದಳು. ಅವನು ಮತ್ತೊಮ್ಮೆ ಹೇಳು ಎಂದ. ಅವಳು ಹೇಳಿದಳು.